ಮನೆಯೊಳಗೆ ಕುಂಡದಲ್ಲಿ ಎಬ್ಬಿಸಿದ ಮೆಣಸಿನಕಾಯಿ, ಟೊಮೆಟೊ ಸಸಿಗಳಿಗೆ ದಿನಕ್ಕೆ ಎಷ್ಟು ಸಲ ನೀರು ಹಾಕಬೇಕು?

ನೀವು ಬರೆದದ್ದು ಇಷ್ಟು: ಕಲಬುರಗಿಯಲ್ಲಿ ಮೂರನೇ ಮಹಡಿಯ ಮನೆ, ಹಾಲ್‌ನ ಕಿಟಕಿ ಪಕ್ಕ ಎಂಟಿಂಚಿನ ಪ್ಲಾಸ್ಟಿಕ್ ಕುಂಡಗಳು, ಅದರಲ್ಲಿ ಮೆಣಸಿನಕಾಯಿ ಮತ್ತು ಟೊಮೆಟೊ ಬೀಜ. ಬೆಳಿಗ್ಗೆ ಒಂದು ಗ್ಲಾಸ್, ಸಂಜೆ ಒಂದು ಗ್ಲಾಸ್ ನೀರು. ಹುಟ್ಟಿದ್ದೇನೋ ಚೆನ್ನಾಗಿಯೇ ಹುಟ್ಟಿದವು, ಆದರೆ ಎರಡೆಲೆ ಬಿಡುವಷ್ಟರಲ್ಲಿ ಬುಡ ಸಣ್ಣಗಾಗಿ ಒಂದೊಂದೇ ಮಲಗುತ್ತಿವೆ. ‘ಬಿಸಿಲು ಬಾಳ ಅದ, ಮಧ್ಯಾಹ್ನನೂ ಒಂದು ಸಲ ಹಾಕಲೇನ್ರಿ?’ ಅಂತ ಕೇಳಿದ್ದೀರಿ.

ಹಾಕಬ್ಯಾಡ್ರಿ. ಈಗ ಹಾಕುತ್ತಿರುವುದನ್ನೂ ಇವತ್ತಿಗೇ ನಿಲ್ಲಿಸಿ. ನಿಮ್ಮ ಸಸಿಗಳು ಸಾಯುತ್ತಿರುವುದು ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ.

ನಮ್ಮೂರಲ್ಲಿ ಈ ತಪ್ಪು ತಿಳಿವಳಿಕೆ ಬರುವುದಕ್ಕೆ ಕಾರಣ ನಮ್ಮ ಗಾಳಿ. ಮಾರ್ಚ್ ದಾಟಿದರೆ ಸಾಕು, ಮಧ್ಯಾಹ್ನದ ಗಾಳಿಯಲ್ಲಿ ತೇವವೇ ಇರುವುದಿಲ್ಲ. ಬಟ್ಟೆ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಕುಂಡದ ಮಣ್ಣಿನ ಮೇಲ್ಪದರವೂ ಹಾಗೇ, ಬೆಳಿಗ್ಗೆ ಹಾಕಿದ ನೀರು ಹನ್ನೊಂದಕ್ಕೆಲ್ಲ ಆರಿ, ಮಣ್ಣು ಬಿಳಿಚಿಕೊಂಡು ಕಾಣುತ್ತದೆ. ನೋಡಿದವರಿಗೆ ‘ಅಯ್ಯೋ ಒಣಗಿಬಿಟ್ಟದ’ ಅನಿಸಿ ಮತ್ತೆ ಚರಗಿ ಎತ್ತುತ್ತಾರೆ. ಜೋಳದ ರೊಟ್ಟಿ ಹಂಚಿಗೆ ಹಾಕಿ ಮೇಲೆ ನೀರು ಸವರಿದಾಗ, ಆ ನೀರು ಆರಿದ ಮಾತ್ರಕ್ಕೆ ರೊಟ್ಟಿ ಒಳಗೆ ಬೆಂದಿರುವುದಿಲ್ಲವಲ್ಲ, ಕುಂಡದ್ದೂ ಅದೇ ಲೆಕ್ಕ. ಬೆರಳಷ್ಟು ಕೆಳಗೆ ಹೋದರೆ ಕೆಸರು. ಬೆಂಗಳೂರು, ಮಂಗಳೂರಿನವರು ಮಣ್ಣಿನ ಮೇಲ್ಭಾಗ ನೋಡಿ ನೀರು ಹಾಕಿದರೆ ಹೇಗೋ ನಡೆದೀತು. ಕಲಬುರಗಿಯಲ್ಲಿ ಮಾತ್ರ ಮೇಲಿನ ಮಣ್ಣು ಹೇಳುವುದನ್ನು ನಂಬಬಾರದು.

ಬೇರಿಗೆ ನೀರು ಎಷ್ಟು ಬೇಕೋ ಉಸಿರಾಡಲು ಗಾಳಿಯೂ ಅಷ್ಟೇ ಬೇಕು. ಮಣ್ಣಿನ ಕಣಗಳ ನಡುವಿನ ಸಂದಿಯೆಲ್ಲ ನೀರಿನಿಂದಲೇ ತುಂಬಿದ್ದರೆ ಬೇರು ಉಸಿರುಗಟ್ಟಿ ಬೆಳೆಯುವುದನ್ನು ನಿಲ್ಲಿಸುತ್ತದೆ. ಅಂಥ ಕಡೆಯೇ ಪಿಥಿಯಮ್, ರೈಜೋಕ್ಟೋನಿಯಾ ಅನ್ನುವ ರೋಗಾಣುಗಳು ಮಣ್ಣಿನ ಮಟ್ಟದಲ್ಲಿ ಎಳೆ ಕಾಂಡವನ್ನು ಹಿಡಿಯುತ್ತವೆ. ನೀವು ಹೇಳಿದ ‘ಬುಡ ಸಣ್ಣಗಾಗಿ ಮಲಗುವುದು’ ಇದೇ. ನರ್ಸರಿಯವರು ಸಸಿ ಕೊಳೆ ರೋಗ ಅನ್ನುತ್ತಾರೆ. ಮಲಗಿದ ಸಸಿ ಮತ್ತೆ ಏಳುವುದಿಲ್ಲ, ಅದಕ್ಕೆ ಕಡ್ಡಿ ಕೊಟ್ಟು ನಿಲ್ಲಿಸುವ ಶ್ರಮ ಬೇಡ. ಸುತ್ತಲಿನ ಒಂದು ಚಮಚ ಮಣ್ಣಿನ ಸಮೇತ ಕಿತ್ತು ಹೊರಗೆ ಎಸೆಯಿರಿ.

ಹಾಗಾದರೆ ನೀರು ಯಾವಾಗ ಹಾಕಬೇಕು? ಗಡಿಯಾರ ನೋಡಿ ಅಲ್ಲ, ಕುಂಡ ಎತ್ತಿ ನೋಡಿ. ನಾನು ಪ್ರತಿ ಬೇಸಿಗೆಯಲ್ಲೂ ಮನೆಯೊಳಗೆ ಮೆಣಸಿನ ಅಗಿ (ಸಸಿ) ಎಬ್ಬಿಸಿ, ಮುಂಗಾರು ಬಿದ್ದ ಮೇಲೆ ಮಾಳಿಗೆಗೆ ಸಾಗಿಸುವವನು. ನನ್ನ ಬಳಿ ಬೇರೆ ಯಾವ ಯಂತ್ರವೂ ಇಲ್ಲ, ಕೈಯೇ ತಕ್ಕಡಿ. ಸಸಿ ಎಬ್ಬಿಸುವ ಅಳತೆಯದೇ ಒಂದು ಖಾಲಿ ಕಪ್ಪಿಗೆ ನೀವು ಬಳಸುವ ಮಣ್ಣಿನ ಮಿಶ್ರಣವನ್ನೇ ಒಣದಾಗಿ ತುಂಬಿ ಪಕ್ಕಕ್ಕಿಡಿ. ಇನ್ನೊಂದಕ್ಕೆ ಅದನ್ನೇ ತುಂಬಿ ಚೆನ್ನಾಗಿ ನೆನೆಸಿ, ಹೆಚ್ಚಿನ ನೀರು ಬಸಿದು ಹೋಗಲು ಬಿಡಿ. ಎರಡನ್ನೂ ಎರಡು ಕೈಯಲ್ಲಿ ಎತ್ತಿ ನೋಡಿ. ಆ ವ್ಯತ್ಯಾಸ ಕೈಗೆ ಒಮ್ಮೆ ತಿಳಿದರೆ ಸಾಕು. ಸಸಿ ಇರುವ ಕಪ್ಪು ಒಣ ಕಪ್ಪಿನ ಹತ್ತಿರ ಹತ್ತಿರ ಹಗುರಾದಾಗ ನೀರು, ಅಲ್ಲಿಯವರೆಗೆ ಇಲ್ಲ. ಎತ್ತಲಾಗದಷ್ಟು ದೊಡ್ಡ ಕುಂಡವಾದರೆ ಅಂಚಿನ ಕಡೆ ಊದಿನಕಡ್ಡಿಯ ಬಿದಿರು ತುದಿಯನ್ನು ಎರಡಿಂಚು ಇಳಿಸಿ ತೆಗೆಯಿರಿ. ಮಣ್ಣು ಮೆತ್ತಿಕೊಂಡು ಬಂದರೆ ಇನ್ನೂ ಕಾಯಬಹುದು.

ನಿಮ್ಮ ಮುಖ್ಯ ತೊಂದರೆ ಕುಂಡದ ಅಳತೆ. ಎಂಟಿಂಚಿನ ಕುಂಡದಲ್ಲಿ ಒಂದು ಹುಟ್ಟು ಸಸಿ ಅಂದರೆ, ಬೇರು ಇರುವುದು ಹಿಡಿ ಮಣ್ಣಿನಲ್ಲಿ, ಉಳಿದ ಅಷ್ಟೂ ಮಣ್ಣಿನ ನೀರನ್ನು ಕುಡಿಯುವವರೇ ಇಲ್ಲ. ಅದು ದಿನಗಟ್ಟಲೆ ಅಲ್ಲೇ ನಿಂತಿರುತ್ತದೆ. ಉಳಿದ ಸಸಿಗಳನ್ನು ಚಮಚದಿಂದ ಮಣ್ಣು ಸಮೇತ ಎಬ್ಬಿಸಿ ಚಿಕ್ಕ ಕಪ್ಪುಗಳಿಗೆ ಬದಲಾಯಿಸಿ. ಎಲೆ ಹಿಡಿದು ಎತ್ತಿ, ಕಾಂಡ ಹಿಡಿಯಬೇಡಿ. ಎಲೆ ಒಂದು ಹರಿದರೂ ಸಸಿ ಬದುಕುತ್ತದೆ, ಕಾಂಡ ಜಜ್ಜಿದರೆ ಮುಗಿಯಿತು. ಮೊಸರಿನ ಡಬ್ಬಿ, ಇನ್ನೂರು ಎಂ.ಎಲ್. ಪ್ಲಾಸ್ಟಿಕ್ ಗ್ಲಾಸ್, ಏನಾದರೂ ಆದೀತು. ತಳದಲ್ಲಿ ನಾಲ್ಕೈದು ತೂತು ಇರಲೇಬೇಕು. ತೂತಿಲ್ಲದ ಚಂದದ ಸೆರಾಮಿಕ್ ಕುಂಡವನ್ನು ಯಾರಾದರೂ ಉಡುಗೊರೆ ಕೊಟ್ಟಿದ್ದರೆ ಅದರಲ್ಲಿ ಪೆನ್ನು ಇಟ್ಟುಕೊಳ್ಳಿ.

ಇಂಥ ಗ್ಲಾಸಿನಲ್ಲಿರುವ ಎರಡೆಲೆ ಸಸಿಗೆ ಒಂದು ಸಲಕ್ಕೆ ಎರಡು ಮೂರು ದೊಡ್ಡ ಚಮಚ ನೀರು ಸಾಕು. ಕಾಂಡದ ಬುಡಕ್ಕೆ ಸುರಿಯಬೇಡಿ, ಅಂಚಿನ ಸುತ್ತ ಹಾಕಿ. ಬೇರು ನೀರನ್ನು ಹುಡುಕಿಕೊಂಡು ಹೊರಕ್ಕೆ ಬರಲಿ. ಏಪ್ರಿಲ್–ಮೇನಲ್ಲಿ ಇದು ದಿನಕ್ಕೊಮ್ಮೆಯೋ ಎರಡು ದಿನಕ್ಕೊಮ್ಮೆಯೋ ಆಗಬಹುದು, ಚಳಿಗಾಲದಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ. ಬೀದರಿನಲ್ಲಿ ಚಳಿ ಇನ್ನೂ ಜೋರು, ಅಲ್ಲಿಯವರು ಡಿಸೆಂಬರಿನಲ್ಲಿ ನೀರು ಇನ್ನೂ ಕಡಿಮೆ ಮಾಡಬೇಕು. ಈ ಲೆಕ್ಕ ಅಂದಾಜು ಮಾತ್ರ, ಕೊನೆಯ ಮಾತು ಕೈಯ ತೂಕದ್ದೇ. ಬೀಜ ಹುಟ್ಟುವವರೆಗೆ ಮಾತ್ರ ಮೇಲ್ಪದರ ಆರದಂತೆ ಸ್ಪ್ರೇ ಬಾಟಲಿಯಿಂದ ಚಿಮುಕಿಸುತ್ತಿರಬೇಕು. ಮೆಣಸಿನ ಬೀಜಕ್ಕೆ ಒಂದು ವಾರದಿಂದ ಹನ್ನೆರಡು ದಿನ ಬೇಕಾಗುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದ್ದರೆ ಮೊಳಕೆ ಕಂಡ ದಿನವೇ ತೆಗೆಯಿರಿ. ‘ಇನ್ನೆರಡು ದಿನ ಇರಲಿ, ಬೆಚ್ಚಗಿರ್ತಾವ’ ಅನ್ನುವ ಆಸೆಗೆ ಎಷ್ಟೋ ಟ್ರೇ ಪೂರ್ತಿ ಕೊಳೆತಿವೆ.

ನಾಲ್ಕೈದು ಎಲೆ ಬಂದ ಮೇಲೆ ಚಮಚದ ಲೆಕ್ಕ ಬಿಡಿ. ಆಗ ತಳದಿಂದ ನೀರು ಕೊಡುವುದೇ ನನಗೆ ಇಷ್ಟ. ಪರಾತದಲ್ಲಿ ಬೆರಳಗಲ ನೀರು ಹಾಕಿ ಕಪ್ಪುಗಳನ್ನು ಅದರಲ್ಲಿ ಹದಿನೈದು ಇಪ್ಪತ್ತು ನಿಮಿಷ ನಿಲ್ಲಿಸಿ. ಮಣ್ಣು ತನಗೆ ಬೇಕಾದಷ್ಟು ತಾನೇ ಎಳೆದುಕೊಳ್ಳುತ್ತದೆ. ಆಮೇಲೆ ಎತ್ತಿ ಬಸಿಯಲು ಬಿಡಿ. ಪರಾತದಲ್ಲೇ ಮರೆತು ಆಫೀಸಿಗೆ ಹೋಗಬೇಡಿ. ಹೀಗೆ ಮಾಡಿದರೆ ಮೇಲ್ಪದರ ಒಣಗಿಯೇ ಇರುತ್ತದೆ, ಕೊಳೆ ರೋಗಕ್ಕೂ ಸುತ್ತಲೂ ಹಾರಾಡುವ ಆ ಸಣ್ಣ ಕರಿ ನೊಣಗಳಿಗೂ ಅದು ಆಗಿಬರುವುದಿಲ್ಲ.

ನೀವು ಲಿಂಕ್ ಹಾಕಿದ ವಿಡಿಯೊ ನೋಡಿದೆ. ಡೇರೆಯೊಳಗೆ ದೊಡ್ಡ ದೀಪ ಹಾಕಿ ‘ತಳದಿಂದ ನೀರು ಹರಿಯುವವರೆಗೂ ಹಾಕಿ’ ಅನ್ನುತ್ತಾನಲ್ಲ, ಅವನು ಬೆಳೆಸುತ್ತಿರುವುದು ಗಾಂಜಾ. ಅದು ಕೆನಡಾದ ವಿಡಿಯೊ, ಅಲ್ಲಿ 2018ರಿಂದ ಅದಕ್ಕೆ ಕಾನೂನಿನ ಒಪ್ಪಿಗೆ ಇದೆ. ನಮ್ಮಲ್ಲಿ 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಹೊಲದಲ್ಲಿರಲಿ, ಕುಂಡದಲ್ಲಿರಲಿ, ಗಾಂಜಾ ಗಿಡ ಬೆಳೆಸುವುದು ಜೈಲಿಗೆ ಹೋಗುವ ಅಪರಾಧ. ಅದು ಬದಿಗಿರಲಿ. ಮನೆಯೊಳಗೆ ಗಿಡ ಬೆಳೆಸುವ ವಿಡಿಯೊಗಳಲ್ಲಿ ಬಹಳಷ್ಟು ಗಾಂಜಾ ಬೆಳೆಸುವವರವೇ ಆದ್ದರಿಂದ ಟೊಮೆಟೊ ಬೆಳೆಸುವವರೂ ಅವನ್ನೇ ನೋಡುತ್ತಾರೆ. ‘ತಳದಿಂದ ಹರಿಯುವವರೆಗೂ’ ಅನ್ನುವ ಆ ಮಾತು, ಬೇರು ಕುಂಡದ ತುಂಬ ಹಬ್ಬಿದ, ದಿನಕ್ಕೆ ಹದಿನೆಂಟು ತಾಸು ಬೆಳಕು ಉಂಡು ಬೆಳೆದ ದೊಡ್ಡ ಗಿಡಕ್ಕೆ. ಕಿಟಕಿ ಬೆಳಕಿನಲ್ಲಿರುವ ಎರಡೆಲೆ ಕೂಸಿಗೆ ಅದು ವಿಷ. ಬೆಳಕು ಕಡಿಮೆಯಾದಷ್ಟೂ ಸಸಿ ನೀರು ಕುಡಿಯುವುದು ಕಡಿಮೆ.

ಈಗ ನೀರಿನ ಗುಣದ ಮಾತು. ಇದರ ಬಗ್ಗೆ ನೀವು ಕೇಳಿಲ್ಲ, ಆದರೆ ನಮ್ಮ ಭಾಗದಲ್ಲಿ ಹೇಳದೆ ಬಿಡುವ ಹಾಗಿಲ್ಲ. ಶಹಾಬಾದ್, ವಾಡಿ, ಸೇಡಂ ಕಡೆ ನೆಲದಡಿ ಸುಣ್ಣಕಲ್ಲು, ಆ ಕಡೆಯ ಸಿಮೆಂಟ್ ಕಾರ್ಖಾನೆಗಳೆಲ್ಲ ನಿಂತಿರುವುದೇ ಅದರ ಮೇಲೆ. ಊರಿನ ಬೋರ್ ನೀರೂ ಹಲವೆಡೆ ಗಡುಸು. ನಳದ ಬಾಯಿಗೆ, ಗೀಸರಿಗೆ ಕಟ್ಟುವ ಬಿಳಿ ಹಕ್ಕಳೆ ನಿಮಗೆ ಗೊತ್ತೇ ಇದೆ. ಅದೇ ಉಪ್ಪು ಕುಂಡದ ಅಂಚಿನಲ್ಲೂ ಬಿಳಿಯಾಗಿ ಕಟ್ಟುತ್ತದೆ. ದಿನಾ ಸ್ವಲ್ಪ ಸ್ವಲ್ಪ ಹಾಕಿ ಮೇಲಿಂದಲೇ ಆರಲು ಬಿಟ್ಟರೆ ನೀರು ಹೋಗಿ ಉಪ್ಪು ಉಳಿಯುತ್ತದೆ, ಎಲೆಯ ತುದಿ ಸುಟ್ಟಂತಾಗುತ್ತದೆ. ಕಾರ್ಪೊರೇಷನ್ ನೀರು ಬಂದ ದಿನ ಒಂದು ಕೊಡ ತೆಗೆದಿಟ್ಟುಕೊಳ್ಳಿ, ಸಸಿಗಳಿಗೆ ವಾರಕ್ಕೆ ಅದು ಧಾರಾಳವಾಯಿತು. ಬೋರ್ ನೀರೇ ಗತಿಯಾದರೆ ಆರ್‌ಒ ನೀರನ್ನು ಅರ್ಧಕ್ಕರ್ಧ ಬೆರೆಸಿ. ಎ.ಸಿ.ಯಿಂದ ತೊಟ್ಟಿಕ್ಕುವ ನೀರೂ ಒಳ್ಳೆಯದು, ಅದರಲ್ಲಿ ಉಪ್ಪಿಲ್ಲ.

ಬಳಸಲೇಬಾರದ ನೀರೂ ಇದೆ. ಆರ್‌ಒ ಯಂತ್ರ ಹೊರಗೆ ಬಿಡುವ ನೀರು ಬೇಡ, ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಬಾತ್‌ರೂಮಿಗೆ ಸಾಫ್ಟ್‌ನರ್ ಹಾಕಿಸಿದ್ದರೆ ಆ ನೀರೂ ಬೇಡ, ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಸೇರಿಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಕೂಲರ್ ತೊಟ್ಟಿಯ ನೀರು. ಬೇಸಿಗೆಯಲ್ಲಿ ಮನೆಮನೆಯಲ್ಲೂ ಕೂಲರ್, ‘ಸುಮ್ನೆ ಯಾಕ ಚೆಲ್ಲಬೇಕು, ಗಿಡಕ್ಕರ ಹಾಕೋಣ’ ಅಂತ ವೈನಿಯೋ ಅತ್ತೆಯೋ ಹೇಳಿಯೇ ಹೇಳುತ್ತಾರೆ. ಕೂಲರಿನಲ್ಲಿ ಇಡೀ ದಿನ ನೀರು ಆವಿಯಾಗಿ ಹೋಗುತ್ತಿರುತ್ತದೆ, ಉಪ್ಪು ಹೋಗುವುದಿಲ್ಲ. ನೀವು ಮೇಲೆ ಮೇಲೆ ಬೋರ್ ನೀರು ತುಂಬುತ್ತಾ ಹೋದರೆ ತೊಟ್ಟಿಯಲ್ಲಿ ಉಪ್ಪು ದಿನದಿನಕ್ಕೂ ಗಟ್ಟಿಯಾಗುತ್ತದೆ. ಹಳೇ ಬೇವಿನ ಮರಕ್ಕೆ ಹಾಕಿ, ಸಸಿಗೆ ಬೇಡ. ಮಾಳಿಗೆ ಮೇಲಿನ ಕರಿ ಟ್ಯಾಂಕಿನ ನೀರನ್ನು ಮಧ್ಯಾಹ್ನ ನೇರವಾಗಿ ಹಾಕುವುದೂ ಬೇಡ, ಕೈ ಸುಡುವ ನೀರು ಬೇರನ್ನೂ ಸುಡುತ್ತದೆ. ಬೆಳಿಗ್ಗೆ ಏಳರೊಳಗೆ ಹಾಕಿ ಮುಗಿಸಿ.

ಮಣ್ಣು ಯಾವುದು ಅಂತ ನೀವು ಬರೆದಿಲ್ಲ. ಊರಿನಿಂದ ಚೀಲದಲ್ಲಿ ಎರಿ ಮಣ್ಣು (ಹೊಲದ ಜಿಗುಟು ಕರಿ ಮಣ್ಣು) ತಂದು ಹಾಗೇ ತುಂಬಿದ್ದರೆ ಅರ್ಧ ಕಾರಣ ಅಲ್ಲೇ ಸಿಕ್ಕಿತು. ತೊಗರಿಗೆ ಅದು ಬಂಗಾರ, ಕುಂಡಕ್ಕೆ ಅಲ್ಲ. ಹಸಿಯಾದಾಗ ಉಬ್ಬಿ ಗಾಳಿಯೇ ಆಡದಂತೆ ಮುಚ್ಚಿಕೊಳ್ಳುತ್ತದೆ, ಒಣಗಿದಾಗ ಕುಗ್ಗಿ ಕುಂಡದ ಗೋಡೆ ಬಿಟ್ಟು ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ನೀರು ಸುರ್ರನೆ ಇಳಿದು ತಳದಿಂದ ಹೊರಗೆ ಬರುತ್ತದೆ, ನೋಡಿದವರು ಪೂರ್ತಿ ನೆನೆಯಿತು ಅಂದುಕೊಳ್ಳುತ್ತಾರೆ, ಬೇರಿನ ಹತ್ತಿರ ಹನಿಯೂ ತಲುಪಿರುವುದಿಲ್ಲ. ಮಸಾರಿ ಮಣ್ಣು (ಹಗುರಾದ ಕೆಂಪು ಮಣ್ಣು), ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ತೊಳೆದ ಉಸುಕು ಸಮಸಮ ಬೆರೆಸಿ. ಬೀದರ್ ಕಡೆ ಬಂಧುಗಳಿದ್ದರೆ ಅಲ್ಲಿಯ ಕೆಂಪು ಮಣ್ಣು ತರಿಸಿಕೊಳ್ಳಿ, ನೀರು ಚೆನ್ನಾಗಿ ಬಸಿಯುತ್ತದೆ. ಎಂ-ಸ್ಯಾಂಡ್ ಆದರೆ ಎರಡು ಮೂರು ಸಲ ತೊಳೆಯಿರಿ, ಅದರ ಹಿಟ್ಟು ಸಂದಿಗಳನ್ನು ಮುಚ್ಚುತ್ತದೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬಳಸಿದರೆ ಒಂದು ಎಚ್ಚರ: ಪೂರ್ತಿ ಒಣಗಿಸಿದರೆ ಅದು ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಮತ್ತೆ ಪರಾತದಲ್ಲಿ ನೆನೆಹಾಕಬೇಕಾಗುತ್ತದೆ.

ಕೊಳೆ ಈಗಾಗಲೇ ಕಾಣಿಸಿಕೊಂಡಿರುವುದರಿಂದ ಉಳಿದವಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಅನ್ನುವ ತಾಮ್ರದ ಶಿಲೀಂಧ್ರನಾಶಕವನ್ನು ಲೀಟರಿಗೆ ಮೂರು ಗ್ರಾಂ ಬೆರೆಸಿ ಬುಡದ ಸುತ್ತ ಒಮ್ಮೆ ಹಾಕಬಹುದು. ಕೈಗವಸು ಹಾಕಿಕೊಂಡೇ ಮಾಡಿ, ಮಕ್ಕಳಿರುವ ಮನೆಯಾದರೆ ಬಾಲ್ಕನಿಯಲ್ಲಿ. ಮುಂದಿನ ಸಲಕ್ಕೆ ಬೀಜ ಹಾಕುವ ಮೊದಲೇ ಗೊಬ್ಬರಕ್ಕೆ ಟ್ರೈಕೋಡರ್ಮಾ (ರೋಗಾಣುಗಳನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ಪುಡಿ ಬೆರೆಸಿಡುವುದು ಒಳ್ಳೆಯದು. ಆಳಂದ ರಸ್ತೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಎರಡನ್ನೂ ಒಟ್ಟಿಗೆ ಹಾಕಬೇಡಿ, ತಾಮ್ರದ ಔಷಧ ಟ್ರೈಕೋಡರ್ಮಾಕ್ಕೂ ಒಳ್ಳೆಯದಲ್ಲ. ಫ್ಯಾನ್ ಗಾಳಿ ಎಲೆ ಮೆಲ್ಲಗೆ ಅಲುಗಾಡುವಷ್ಟು ಬರಲಿ, ಕಾಂಡವೂ ಗಟ್ಟಿಯಾಗುತ್ತದೆ. ಕೂಲರಿನ ಎದುರಿಗೆ ಇಡಬೇಡಿ, ಆ ಒದ್ದೆ ಗಾಳಿಗೆ ಮಣ್ಣು ಆರುವುದೇ ಇಲ್ಲ.

ಇನ್ನೊಂದು, ಮುಂದೆ ನಿಮಗೇ ಗೊಂದಲವಾಗುವ ವಿಷಯ. ಮಧ್ಯಾಹ್ನ ಎರಡು ಗಂಟೆಗೆ ಎಲೆ ಜೋತುಬಿದ್ದರೆ ಓಡಿ ಹೋಗಿ ನೀರು ಹಾಕಬೇಡಿ. ಬಿಸಿಲ ಝಳಕ್ಕೆ ಬೇರು ಎಳೆಯುವುದಕ್ಕಿಂತ ಎಲೆ ಹೊರಗೆ ಬಿಡುವುದೇ ಹೆಚ್ಚಾಗಿ ಒದ್ದೆ ಮಣ್ಣಿನಲ್ಲಿರುವ ಸಸಿಯೂ ಆ ಹೊತ್ತಿಗೆ ಬಾಡುತ್ತದೆ. ಕಪ್ಪು ಎತ್ತಿ ನೋಡಿ. ಭಾರವಿದ್ದರೆ ನೆರಳಿಗೆ ಸರಿಸಿ ಸುಮ್ಮನಿರಿ, ಸಂಜೆ ಆರಕ್ಕೆ ತಾನೇ ಏಳುತ್ತದೆ. ಹಗುರಿದ್ದರೆ ಮಾತ್ರ ನೀರು. ಬೆಳಿಗ್ಗೆ ತಂಪಿನಲ್ಲೂ ಜೋತಿದ್ದು, ಕಪ್ಪು ಭಾರವಿದ್ದು, ಕೆಳಗಿನ ಎಲೆ ಹಳದಿಯಾಗುತ್ತಿದ್ದರೆ ಬೇರು ಕೊಳೆಯುತ್ತಿದೆ ಅಂತ ತಿಳಿಯಿರಿ. ಆಗ ಕಪ್ಪಿನಿಂದ ಮಣ್ಣಿನ ಗಡ್ಡೆಯನ್ನು ಹೊರತೆಗೆದು ಹಳೇ ಪೇಪರಿನ ಮೇಲೆ ಒಂದು ರಾತ್ರಿ ಇಡಿ. ಪೇಪರ್ ಹೆಚ್ಚಿನ ನೀರು ಹೀರಿಕೊಂಡ ಮೇಲೆ ಒಣ ಮಿಶ್ರಣದಲ್ಲಿ ಮತ್ತೆ ಕೂರಿಸಿ.

ಟೊಮೆಟೊ ಇಪ್ಪತ್ತೈದು ಮೂವತ್ತು ದಿನಕ್ಕೆ, ಮೆಣಸಿನಕಾಯಿ ಮೂವತ್ತೈದು ನಲವತ್ತು ದಿನಕ್ಕೆ ದೊಡ್ಡ ಕುಂಡಕ್ಕೆ ಹೋಗಲು ಸಿದ್ಧವಾಗುತ್ತವೆ. ಬದಲಾಯಿಸುವ ಹಿಂದಿನ ಸಂಜೆ ಕಪ್ಪಿಗೆ ನೀರು ಕೊಡಿ, ಗಡ್ಡೆ ಒಡೆಯದೆ ಹೊರಗೆ ಬರುತ್ತದೆ. ಆ ಎಂಟಿಂಚಿನ ಕುಂಡಗಳನ್ನು ಬಿಸಾಡಬೇಡಿ, ಆಗ ಬೇಕಾಗುತ್ತವೆ. ರೋಗ ಬಂದ ಹಳೇ ಮಣ್ಣನ್ನು ಮಾತ್ರ ಈಗಲೇ ಮಾಳಿಗೆ ಮೇಲೆ ತೆಳ್ಳಗೆ ಹರಡಿ, ನೀರು ಚಿಮುಕಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅಂಚಿಗೆಲ್ಲ ಕಲ್ಲು ಹೇರಿ. ಮೇ ತಿಂಗಳ ನಮ್ಮ ಬಿಸಿಲಿಗೆ ನಾಲ್ಕೈದು ವಾರದಲ್ಲಿ ಅದು ಮತ್ತೆ ಬಳಸಲು ಬರುತ್ತದೆ.