ಸೆನ್ಸರ್ ಹಾಕಿದ ಮೇಲೂ ಸೇತುವೆ ತಪಾಸಣೆ ಬೇಕಾ?

ಪ್ರಶ್ನೆ: ಹಳೆಯ ಸೇತುವೆಗಳಿಗೆ ಸೆನ್ಸರ್ ಅಳವಡಿಸಿ, ಕಂಪ್ಯೂಟರ್‌ನಲ್ಲಿ ಡಿಜಿಟಲ್ ಮಾದರಿ ಮಾಡುತ್ತಾರಂತೆ. ಇಷ್ಟೆಲ್ಲಾ ಇದ್ದರೂ ಎಂಜಿನಿಯರ್‌ಗಳು ಹತ್ತಿ ಇಳಿದು ನೋಡಲೇಬೇಕಾ?

ಉತ್ತರ: ನೋಡಲೇಬೇಕು. ಸ್ಟ್ರೈನ್ ಗೇಜ್ (ಹಿಗ್ಗು-ಕುಗ್ಗು ಅಳೆಯುವ ಪುಟ್ಟ ಸೆನ್ಸರ್) ತಾನು ಅಂಟಿಕೊಂಡಿರುವ ಜಾಗದ ಸುದ್ದಿಯನ್ನಷ್ಟೇ ಹೇಳುತ್ತದೆ. ಎರಡಡಿ ಆಚೆ ಬಿರುಕು ಬಿಟ್ಟರೂ ಅದಕ್ಕೆ ಗೊತ್ತಾಗದೇ ಹೋಗಬಹುದು. ಹಾಗಾಗಿ ನಮಗೆ ಏನು ತಿಳಿಯಬೇಕು ಅನ್ನೋದು ಮೊದಲು ತೀರ್ಮಾನವಾಗಬೇಕು. ಸುಮ್ನೆ ಸೆನ್ಸರ್ ಜಾಸ್ತಿ ಹಾಕಿದರೆ ಅಂಕಿಗಳ ರಾಶಿ ಬೀಳುತ್ತದೆ, ಅಷ್ಟೇ.

ಕಂಬದ ಮೇಲೆ ಕೂತು ಸೇತುವೆಯನ್ನು ಹೊರುವ ಬೇರಿಂಗ್ ವಿಷಯವನ್ನೇ ನೋಡಿ. 100 ಮೀಟರ್ ಉದ್ದದ ಉಕ್ಕಿನ ಸೇತುವೆ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದರೆ ಸುಮಾರು 36 ಮಿಲಿಮೀಟರ್ ಹಿಗ್ಗುತ್ತದೆ. ಆ ಸರಿದಾಟಕ್ಕೆಂದೇ ಹಲವು ಹಳೆಯ ಸೇತುವೆಗಳ ಒಂದು ತುದಿಯಲ್ಲಿ ರೋಲರ್ ಬೇರಿಂಗ್ ಇರುತ್ತದೆ. ತುಕ್ಕು, ಮಣ್ಣು ಸೇರಿ ಅದು ಕಚ್ಚಿಕೊಂಡರೆ ಹಿಗ್ಗುವ ಬಲವೆಲ್ಲ ಕಂಬದ ಮೇಲೆ ಬೀಳುತ್ತದೆ. ಇದನ್ನು ಹಿಡಿಯಲು ತಾಪಮಾನಕ್ಕೊಂದು, ಸರಿದಾಟಕ್ಕೊಂದು ಸೆನ್ಸರ್ ಸಾಕು. ಬಿಸಿಲು ಏರಿದ ಹಾಗೆ ಸರಿದಾಟದ ಗೆರೆಯೂ ಮೆಲ್ಲಗೆ ಏರಬೇಕು. ಅದು ಗಂಟೆಗಟ್ಟಲೆ ಅಲುಗಾಡದೆ ನಿಂತು, ಆಮೇಲೆ ಪಟ್ಟನೆ ಜಿಗಿದರೆ ಎಂಜಿನಿಯರ್ ಹೋಗಿ ನೋಡಲೇಬೇಕು. ಇಂಥ ಚಿಕ್ಕ ವ್ಯವಸ್ಥೆಯೇ ನನಗೆ ಹೆಚ್ಚು ಇಷ್ಟ.

ಸೇತುವೆಗೆ ಹಾನಿಯಾಗಿದೆಯೇ ಎಂದು ತಿಳಿಯಲು ಅದರ ಕಂಪನ ಅಳೆಯುವಾಗ ಇದೇ ತಾಪಮಾನ ದಾರಿ ತಪ್ಪಿಸುತ್ತದೆ. ಸ್ವಿಟ್ಜರ್ಲೆಂಡ್‌ನ ಜ಼ೆಡ್24 ಸೇತುವೆಯನ್ನು 1998ರಲ್ಲಿ ಕೆಡವುವ ಮುನ್ನ ತಿಂಗಳುಗಟ್ಟಲೆ ಅಳೆದಿದ್ದರು. ಚಳಿಗೆ ಡಾಂಬರು ಗಟ್ಟಿಯಾದಾಗ ಸೇತುವೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನೋದೇ ಬದಲಾಗುತ್ತಿತ್ತು. ಸೇತುವೆಗೆ ಮಾತ್ರ ಏನೂ ಆಗಿರಲಿಲ್ಲ! ಅದಕ್ಕೇ ಕನಿಷ್ಠ ಒಂದು ವರ್ಷದ ಎಲ್ಲಾ ಋತುಗಳ ಅಳತೆ ಕೈಯಲ್ಲಿರಬೇಕು.

ಇನ್ನು ಡಿಜಿಟಲ್ ಮಾದರಿ. ಹಳೆಯ ನಕ್ಷೆ ನೋಡಿ ಕಟ್ಟಿದರೆ ಸಾಲದು. ತೂಕ ಗೊತ್ತಿರುವ ಲಾರಿಗಳನ್ನು ಸೇತುವೆ ಮೇಲೆ ನಿಲ್ಲಿಸಿ, ಅದು ಎಷ್ಟು ಬಾಗಿತು ಎಂದು ಅಳೆದು ಮಾದರಿಯನ್ನು ತಿದ್ದಬೇಕು. ಪ್ರತಿ ಜೋಡಣೆಯ ಲೆಕ್ಕವನ್ನೂ ಹೊಸದಾಗಿ ಮಾಡಬೇಕು. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 2007ರಲ್ಲಿ ಕುಸಿದು 13 ಜನರನ್ನು ಬಲಿ ಪಡೆದ ಸೇತುವೆಯಲ್ಲಿ, ಕೆಲವು ಜೋಡಣೆ ಪ್ಲೇಟುಗಳು ಬೇಕಾದ ದಪ್ಪದ ಅರ್ಧದಷ್ಟೇ ಇದ್ದವು. ಆ ತಪ್ಪು ವಿನ್ಯಾಸದಲ್ಲೇ ಇತ್ತು, 40 ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಮಾದರಿ ಮಾಡುವಾಗ ಪ್ಲೇಟುಗಳನ್ನು ಬಿಟ್ಟು ಬರೀ ತೊಲೆಗಳನ್ನು ಲೆಕ್ಕ ಹಾಕಿದರೆ ಇಂಥದ್ದು ಈಗಲೂ ಸಿಗುವುದಿಲ್ಲ.

ಕೊನೆಗೊಂದು ವಿಷಯ, ಇದನ್ನು ಬಹಳ ಕಡೆ ಮರೆಯುತ್ತಾರೆ. ರಾತ್ರಿ ಎರಡು ಗಂಟೆಗೆ ಎಚ್ಚರಿಕೆ ಬಂದರೆ ಅದನ್ನು ನೋಡುವವರು ಯಾರು, ಸಂಚಾರ ನಿಲ್ಲಿಸುವ ಅಧಿಕಾರ ಯಾರಿಗಿದೆ ಅನ್ನೋದನ್ನು ಸೆನ್ಸರ್ ಹಾಕುವ ಮೊದಲೇ ಬರೆದಿಡಬೇಕು.