ಯಾವ ಪಾರ್ಟಿಕಲ್ ಅನ್ನೋದು ಆಮೇಲೆ, ಮೊದಲು ಸೀರಮ್‌ಗೆ ಹಾಕಿ ನೋಡಿ

ಮೆದುಳಿನ ಟ್ಯೂಮರ್‌ಗೆ ಔಷಧಿ ತಲುಪ್ಸಕ್ಕೆ ಚಿನ್ನವೋ, ಲೈಪೋಸೋಮೋ (ಕೊಬ್ಬಿನ ಪದರದ ಪುಟ್ಟ ಗುಳ್ಳೆ), ಪಿಎಲ್‌ಜಿಎನೋ (ಮೈಯಲ್ಲಿ ಕರಗೋ ಒಂದು ಪಾಲಿಮರ್), ಎಂಎಸ್ಸಿ ಪ್ರಾಜೆಕ್ಟಿಗೆ ಯಾವ ನ್ಯಾನೋಪಾರ್ಟಿಕಲ್ (ಔಷಧಿ ಹೊರೋ ಅತಿ ಸಣ್ಣ ಕಣ) ಬೆಸ್ಟು ಅಂತ ಕೇಳಿದೀರಿ. ಮೈಸೂರಲ್ಲಿ ಪಿಎಚ್‌ಡಿಗೆ ಸೇರಿದ ಹೊಸದ್ರಲ್ಲಿ ನಾನು ಕೇಳ್ಕೊಂಡು ಓಡಾಡಿದ್ದೂ ಇದನ್ನೇ. ಪಿಎಲ್‌ಜಿಎ ಹಿಡ್ಕೊಂಡೆ, ಒಳಗೆ ಅರಿಶಿನದ ಕರ್ಕ್ಯುಮಿನ್, ಮೇಲೆ ಸಿಗಡಿ ಚಿಪ್ಪಿಂದ ತೆಗೆಯೋ ಕೈಟೋಸಾನ್ ಕೋಟಿಂಗ್. ಡಿಎಲ್‌ಎಸ್‌ನಲ್ಲಿ (ಕಣದ ಸೈಜ್ ಅಳೆಯೋ ವಿಧಾನ) ಒಂದೇ ಚೂಪಾದ ಪೀಕು, ಯು87 ಅನ್ನೋ ಮೆದುಳಿನ ಟ್ಯೂಮರ್ ಸೆಲ್ಸ್ ಮೇಲೆ ಹಾಕಿದ್ರೆ ಎಲ್ಲಾ ಸತ್ತು ಪ್ಲೇಟ್ ಪೂರ್ತಿ ಖಾಲಿ.

ತಪ್ಪಿದ್ದು ಎಲ್ಲಿ ಅಂದ್ರೆ, ಅಳತೆ ಎಲ್ಲಾ ನೀರಲ್ಲೇ ಮಾಡಿದ್ದೆ. ಸೆಲ್ಸ್‌ಗೆ ಹಾಕೋವಾಗ್ಲೂ ಸೀರಮ್ (ರಕ್ತದ ಪ್ರೋಟೀನ್‌ಗಳಿರೋ ತಿಳಿ ದ್ರವ) ಇಲ್ಲದ, ಸೆಲ್ಸ್ ಬೆಳೆಸೋ ಮೀಡಿಯಾ, ಯಾಕಂದ್ರೆ ಅದ್ರಲ್ಲಿ ರಿಸಲ್ಟ್ ಚೆನ್ನಾಗಿ ಬರ್ತಿತ್ತು. ಕೈಟೋಸಾನ್‌ಗೆ ಪಾಸಿಟಿವ್ ಚಾರ್ಜು, ಸೆಲ್ ಮೇಲ್ಮೈ ನೆಗೆಟಿವ್ವು, ಅದಕ್ಕೇ ಅಷ್ಟು ಬೇಗ ಅಂಟ್ಕೊಂಡು ಒಳಗೆ ಹೋಗ್ತಿತ್ತು, ಆದ್ರೆ ರಕ್ತದಲ್ಲಿರೋ ಆಲ್ಬುಮಿನ್ ಮುಂತಾದ ಪ್ರೋಟೀನ್‌ಗಳೂ ಬಹುಪಾಲು ನೆಗೆಟಿವ್ವೇ ತಾನೆ, ಅವೂ ಅಷ್ಟೇ ಬೇಗ ಮೆತ್ಕೊಳ್ತವೆ. ಪೇಪರ್ ಕಳಿಸಿದಾಗ ರಿವ್ಯೂವರ್ ಸೀರಮ್ ಡೇಟಾ ಕೇಳಿದ್ರು. 37 ಡಿಗ್ರೀಲಿ ಸೀರಮ್‌ಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟು ವಯಲ್ ಎತ್ತಿ ಲೈಟಿಗೆ ಹಿಡಿದ್ರೆ ಹಾಲು ಒಡೆದಂಗೆ ಹಳದಿ ಗಸಿ ತಳದಲ್ಲಿ ಕೂತಿತ್ತು. ಆ ಸ್ಥಿತೀಲಿ ಅದು ಮೈಗೆ ಹೋಗಿದ್ರೆ ಲಿವರು, ಸ್ಪ್ಲೀನೇ ಹಿಡ್ದು ಹಾಕ್ತಿದ್ವು, ಮೆದುಳಿನ ಮಾತೇ ಇಲ್ಲ. ಪ್ರೋಟೀನ್ ಅಂಟೋದನ್ನ ಕಮ್ಮಿ ಮಾಡೋ ಪಿಇಜಿ ಕೋಟಿಂಗ್ ಹಾಕಿ ಮೊದಲಿಂದ ಶುರು ಮಾಡೋಷ್ಟರಲ್ಲಿ ಫೆಲೋಶಿಪ್ ಮುಗೀತು.

ಹಂಗಾಗಿ ನಿಮ್ಮ ಪ್ರಶ್ನೇನೇ ನಾನು ಒಪ್ಪಲ್ಲ. ಯಾವ ಪಾರ್ಟಿಕಲ್ ಅಂತಲ್ಲ, ರಕ್ತದಲ್ಲಿ ಅದು ಏನಾಗುತ್ತೆ, ಬ್ಲಡ್ ಬ್ರೈನ್ ಬ್ಯಾರಿಯರ್ (ರಕ್ತದಿಂದ ಮೆದುಳಿಗೆ ಬಹಳಷ್ಟನ್ನ ಬಿಡದ ರಕ್ತನಾಳದ ಗೋಡೆ) ದಾಟುತ್ತಾ ಅಂತ ಕೇಳಿ. ಟ್ಯೂಮರ್ ಇರೋ ಕಡೆ ಬ್ಯಾರಿಯರ್ ಸೋರುತ್ತೆ ಅಂತಾರೆ, ಸೋರೋದು ಎಂಆರ್‌ಐನಲ್ಲಿ ಕಾಂಟ್ರಾಸ್ಟ್ ಹಿಡಿದು ಹೊಳಿಯೋ ಭಾಗ, ಸರ್ಜನ್ ಆದಷ್ಟೂ ತೆಗೆಯೋದೂ ಅದನ್ನೇ. ಅಂಚಿನಾಚೆ ಹರಡಿರೋ ಸೆಲ್ಸ್ ಇರೋ ಕಡೆ ಬ್ಯಾರಿಯರ್ ಬಹಳಷ್ಟು ಗಟ್ಟಿಯಾಗೇ ಇರುತ್ತೆ, ಗ್ಲಿಯೋಬ್ಲಾಸ್ಟೋಮಾ ಅನ್ನೋ ಮೆದುಳಿನ ಕ್ಯಾನ್ಸರ್ ವಾಪಸ್ ಬರೋದು ಹೆಚ್ಚಾಗಿ ಅಲ್ಲಿಂದ್ಲೇ. ಅದಕ್ಕೆ ಕೊಡೋ ಔಷಧಿ ಟೆಮೊಜೊಲೊಮೈಡ್ 194 ಡಾಲ್ಟನ್‌ನ ಸಣ್ಣ ಮಾಲಿಕ್ಯೂಲು, ತಾನಾಗೇ ದಾಟುತ್ತೆ. ರೇಡಿಯೇಷನ್ ಜೊತೆ ಅದನ್ನ ಕೊಟ್ಟಾಗ ಮೀಡಿಯನ್ ಆಯಸ್ಸು 12.1 ತಿಂಗಳಿಂದ 14.6ಕ್ಕೆ ಹೋಯ್ತು ಅಂತ 2005ರ ಟ್ರಯಲ್ ತೋರಿಸ್ತು. ಮಂಡ್ಯದಿಂದ ನಿಮ್ಹಾನ್ಸ್‌ಗೆ ಓಡೋ ಮನೆಯವ್ರ ಕೈಗೆ ಇವತ್ತಿಗೂ ಬರೋದು ಬಹುಪಾಲು ಅದೇ ಕ್ಯಾಪ್ಸೂಲು. ಅಷ್ಟು ಕಮ್ಮಿ ಸಿಗ್ತಿದೆ ಅವ್ರಿಗೆ, ಅದಕ್ಕೇ ನೀರಲ್ಲಿ ಮಾತ್ರ ಕೆಲ್ಸ ಮಾಡೋ ಇನ್ನೊಂದು ಪಾರ್ಟಿಕಲ್ ಮಾಡ್ಬೇಡಿ ಅಂತ ಕೇಳ್ಕೊಳ್ತೀನಿ.

ಮೆತ್ಕೊಳ್ಳೋ ಪ್ರೋಟೀನ್ ಯಾವಾಗ್ಲೂ ಶತ್ರು ಅಲ್ಲ. ಪಾರ್ಟಿಕಲ್ ಮೇಲೆ ಪಾಲಿಸಾರ್ಬೇಟ್ 80 (ಸೋಪಿನಂಥ ಒಂದು ಕೆಮಿಕಲ್) ಕೋಟ್ ಮಾಡಿದ್ರೆ ರಕ್ತದಲ್ಲಿ ಕೊಬ್ಬು ಸಾಗಿಸೋ ಪ್ರೋಟೀನ್ ಎಪೋಲಿಪೋಪ್ರೋಟೀನ್ ಇ ಬಂದು ಕೂರುತ್ತೆ, ಅದರ ಮೂಲಕ ರಕ್ತನಾಳದ ಸೆಲ್ಸ್‌ನ ಎಲ್‌ಡಿಎಲ್ ರಿಸೆಪ್ಟರ್ ಹಿಡ್ದು ಒಳಗೆ ತಗೊಳ್ಳುತ್ತೆ. ನೀವು ಇದನ್ನೇ ತಗೊಳ್ಳಿ ಅಂತೀನಿ. ಲ್ಯಾಬಲ್ಲಿ ಈಗಾಗ್ಲೇ ಯಾವ ಪಾರ್ಟಿಕಲ್ ಮಾಡ್ತಿದಾರೋ ಅದೇ ಸಾಕು, ಕೋಟಿಂಗ್ ಇರೋದು, ಇಲ್ಲದ್ದು ಎರಡನ್ನೂ ಸೀರಮ್‌ನಲ್ಲಿಟ್ಟು ಸೈಜ್ ನೋಡಿ, ದುಡ್ಡಿದ್ರೆ ಟ್ರಾನ್ಸ್‌ವೆಲ್ (ತಳದಲ್ಲಿ ಸಣ್ಣ ತೂತಿನ ಪೊರೆ ಇರೋ ಕಪ್ಪು) ಮೇಲೆ ಬಿಎಂಡ್3 (ಇಲಿಯ ಮೆದುಳಿನ ರಕ್ತನಾಳದ) ಸೆಲ್ಸ್ ಬೆಳೆಸಿ ಎಷ್ಟು ದಾಟ್ತು ಅಂತ ಅಳೀರಿ. ಕರ್ಕ್ಯುಮಿನ್ ಮಾತ್ರ ಬೇಡ, ಅದರ ಹಳದಿ ಬಣ್ಣವೇ ರೀಡಿಂಗ್ ಕೆಡಿಸುತ್ತೆ.