ಮೊದಲು ವೈರಿಂಗ್, ಬೋರ್ಡು ಆಮೇಲೆ

ಡೊಂಬಿವಲಿಯ ಓದುಗರಿಗೆ ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ಉಳಿದ ಓದುಗರಿಗಾಗಿ ಅದರ ಸಾರ ಹೇಳಿ ಮುಂದುವರಿಯುತ್ತೇನೆ. ನೀವು ಮುಂಬಯಿಯ ಒಂದು ಕನ್ನಡ ಮಾಧ್ಯಮ ಶಾಲೆಯ ಆಡಳಿತ ಸಮಿತಿಯ ಕೋಶಾಧಿಕಾರಿ. ಹಗಲು ಪ್ರೌಢಶಾಲೆ, ಸಂಜೆ ಅದೇ ಕಟ್ಟಡದಲ್ಲಿ ರಾತ್ರಿಶಾಲೆ. ಲ್ಯಾಬ್‌ನಲ್ಲಿ ಹದಿನೆಂಟು ಕಂಪ್ಯೂಟರ್ ಇವೆ, ಓಡುವುದು ಹನ್ನೊಂದು. ಹೋಟೆಲು ಉದ್ಯಮಿಯೊಬ್ಬರು ನಾಲ್ಕು ಸ್ಮಾರ್ಟ್ ಬೋರ್ಡ್ ಕೊಡಲು ಮುಂದೆ ಬಂದಿದ್ದಾರೆ; ಜೂನ್‌ನಲ್ಲಿ ಶಾಲೆ ತೆರೆಯುವ ದಿನವೇ ಉದ್ಘಾಟನೆ ಆಗಬೇಕೆಂಬುದು ಅವರ ಒಂದೇ ಷರತ್ತು. ಇತ್ತ ಅಮೆರಿಕದ ಒಂದು ಸ್ಕೂಲ್ ಡಿಸ್ಟ್ರಿಕ್ಟ್‌ನ (ಒಂದು ಪ್ರದೇಶದ ಸರಕಾರಿ ಶಾಲೆಗಳನ್ನು ನಡೆಸುವ ಆಡಳಿತದ) ತಾಂತ್ರಿಕ ವಿಭಾಗದಲ್ಲಿರುವ ನಿಮ್ಮ ಅಕ್ಕನ ಮಗ, ‘ನಾವು ಬೇಸಿಗೆ ರಜೆಯಲ್ಲಿ ಇಡೀ ಡಿಸ್ಟ್ರಿಕ್ಟಿನ ಶಾಲೆಗಳ ನೆಟ್‌ವರ್ಕ್ ಬದಲಿಸುತ್ತೇವೆ ಮಾವ, ನಿಮಗೆ ಒಂದು ಲ್ಯಾಬ್ ಆಗೋದಿಲ್ವಾ?’ ಎಂದು ಚುಚ್ಚಿದ್ದಾನೆ. ನಿಮ್ಮ ಪ್ರಶ್ನೆ ಎರಡು: ನಮ್ಮಿಂದ ಯಾಕೆ ಆಗುವುದಿಲ್ಲ? ಬೋರ್ಡು ತೆಗೆದುಕೊಳ್ಳಬೇಕೋ ಬೇಡವೋ?

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ತೆಗೆದುಕೊಳ್ಳಿ, ಆದರೆ ಈ ಮೇ ತಿಂಗಳಲ್ಲಿ ಬೇಡ. ಈ ರಜೆಯಲ್ಲಿ ಗೋಡೆಯೊಳಗಿನ ಕೆಲಸ ಮುಗಿಯಲಿ. ದಾನಿಗಳಿಗೆ ಇದನ್ನು ಹೇಗೆ ಹೇಳುವುದೆಂಬ ನಿಮ್ಮ ಸಂಕೋಚದ ವಿಚಾರಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಅಳಿಯ ಹೇಳಿದ್ದು ನಿಜ, ಆದರೆ ಅರ್ಧ ಕತೆ. ಅಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಶಾಲೆ ಖಾಲಿ ಇರುತ್ತದೆ, ಆಗ ಏಣಿ ಹತ್ತುವವರು ಹತ್ತುತ್ತಾರೆ. ಆದರೆ ಯಾವ ಶಾಲೆಗೆ ಎಷ್ಟು ಕೇಬಲ್, ಯಾವ ಸ್ವಿಚ್ (ನೆಟ್‌ವರ್ಕ್ ಕೇಬಲ್‌ಗಳನ್ನು ಜೋಡಿಸುವ ಪೆಟ್ಟಿಗೆ), ಯಾರ ಟೆಂಡರ್ ಎಂಬುದೆಲ್ಲ ಅದಕ್ಕೂ ಹಿಂದಿನ ಚಳಿಗಾಲದಲ್ಲೇ ತೀರ್ಮಾನವಾಗಿರುತ್ತದೆ. ಅವರಿಗೆ ಇ-ರೇಟ್ ಎಂಬ ಕೇಂದ್ರ ಯೋಜನೆಯಿದೆ. 1996ರ ದೂರಸಂಪರ್ಕ ಕಾಯಿದೆಯಿಂದ ಹುಟ್ಟಿ 1998ರಿಂದ ಹಣ ಕೊಡುತ್ತಿದೆ. ಶಾಲೆಯ ಮಕ್ಕಳ ಬಡತನ ನೋಡಿ ಇಂಟರ್‌ನೆಟ್ ಖರ್ಚಿನಲ್ಲಿ ಶೇ. 20ರಿಂದ 90ರವರೆಗೆ, ಒಳಗಿನ ವೈರಿಂಗ್ ಖರ್ಚಿನಲ್ಲಿ 20ರಿಂದ 85ರವರೆಗೆ ರಿಯಾಯಿತಿ. ದುಡ್ಡು ಬರುವುದು ಜನರ ಫೋನ್ ಬಿಲ್ಲಿನ ಮೇಲಿನ ಒಂದು ಶುಲ್ಕದಿಂದ. ಅದರ ವರ್ಷ ಶುರುವಾಗುವುದು ಜುಲೈ 1ಕ್ಕೆ. ಒಳಗಿನ ವೈರಿಂಗ್ ಕೆಲಸವನ್ನು ಮಾತ್ರ ಎಪ್ರಿಲ್ 1ರಿಂದಲೇ ಹಚ್ಚಿಕೊಳ್ಳಬಹುದು, ಯಾಕೆಂದರೆ ಬೇಸಿಗೆ ತಪ್ಪಿದರೆ ಕೆಲಸವೇ ತಪ್ಪುತ್ತದೆ ಎಂದು ನಿಯಮ ಮಾಡಿದವರಿಗೂ ಗೊತ್ತು. ಅದಕ್ಕೆ ಅರ್ಜಿ ಹಾಕಬೇಕಾದದ್ದು ವರ್ಷದ ಆರಂಭದ ತಿಂಗಳುಗಳಲ್ಲಿ. ಎರಡು ತಿಂಗಳಲ್ಲಿ ಆಗುತ್ತದೆ ಅನ್ನುವ ಅಳಿಯನ ಹಿಂದೆ ಎಂಟು ತಿಂಗಳು ಕಾಗದ ಮಾಡಿದ ಯಾರೋ ಒಬ್ಬರು ಕೂತಿದ್ದಾರೆ. ನಮ್ಮಲ್ಲಿ ಆ ಕುರ್ಚಿಯೇ ಇಲ್ಲ.

ನಮ್ಮ ಮೇ ತಿಂಗಳನ್ನೂ ನೋಡಿ. ಪರೀಕ್ಷೆ ಮುಗಿದು ಶಾಲೆ ಮುಚ್ಚುವುದು ಮೇ ಮೊದಲ ವಾರ, ತೆರೆಯುವುದು ಜೂನ್ ಮಧ್ಯ. ಸುಮಾರು ಆರು ವಾರ. ಮುಖ್ಯೋಪಾಧ್ಯಾಯರು ಮತ್ಸ್ಯಗಂಧ ರೈಲಿನಲ್ಲಿ ಟಿಕೆಟ್ ಸಿಕ್ಕಿದ ದಿನವೇ ಊರಿಗೆ. ಶಿಪಾಯಿ ರತ್ನಾಗಿರಿ ಕಡೆಗೆ. ಎಲೆಕ್ಟ್ರಿಶಿಯನ್, ಬಡಗಿ, ಬಣ್ಣದವನು ಎಲ್ಲರೂ ಮದುವೆ ಸೀಸನ್‌ಗೆ ತಮ್ಮತಮ್ಮ ಮುಲುಕಿಗೆ, ಅಂದರೆ ಊರಿಗೆ. ಲ್ಯಾಬ್‌ನ ಬೀಗದ ಕೈ ಯಾರ ಹತ್ತಿರ ಇದೆ ಎಂದು ಹುಡುಕುವುದರಲ್ಲೇ ಮೊದಲ ವಾರ ಹೋಗುತ್ತದೆ. ಕೊನೆಯ ವಾರ ಮಳೆ: ಮುಂಗಾರು ಮುಂಬಯಿಗೆ ಬರುವ ವಾಡಿಕೆಯ ದಿನ ಜೂನ್ 11ರ ಆಸುಪಾಸು. ಗೋಡೆ ಕೊರೆಯುವುದು, ಟೆರೇಸಿನ ಮೇಲೆ ಕೇಬಲ್ ಎಳೆಯುವುದು ಮೇ 31ರೊಳಗೆ ಮುಗಿಯಬೇಕು. ಉಳಿದದ್ದು ಮೂರು ವಾರ ಎಂದು ಹಿಡಿಯಿರಿ. ಅದು ಸಾಕು, ಎಪ್ರಿಲ್‌ನೊಳಗೆ ಸಾಮಾನು ಬಂದು ಶಾಲೆಯಲ್ಲಿ ಕೂತಿದ್ದರೆ.

ಹಾಂ, ಒಂದು ಎಚ್ಚರ. ಕಚೇರಿಯ ಕಂಪ್ಯೂಟರನ್ನು ಮೇ ತಿಂಗಳಲ್ಲಿ ಮುಟ್ಟಬೇಡಿ. ಎಸ್‌ಎಸ್‌ಸಿ (ಹತ್ತನೆಯ ತರಗತಿಯ) ಫಲಿತಾಂಶ 2025ರಲ್ಲಿ ಮೇ 13ಕ್ಕೇ ಬಂತು. ಅಂಕಪಟ್ಟಿ, ಶಾಲೆ ಬಿಟ್ಟ ದಾಖಲೆ, ಹನ್ನೊಂದನೆಯ ತರಗತಿಯ ಆನ್‌ಲೈನ್ ಪ್ರವೇಶ ಎಂದು ತಾಯ್ತಂದೆಯರು ಬಾಗಿಲಲ್ಲಿ ನಿಂತಿರುವಾಗ ಸಿಸ್ಟಮ್ ಫಾರ್ಮ್ಯಾಟ್‌ಗೆ ಹೋಗಿದೆ ಅನ್ನುವಂತಾಗಬಾರದು. ಆ ಒಂದು ಯಂತ್ರಕ್ಕೆ ದೀಪಾವಳಿ ರಜೆ ಇದೆ.

ಈಗ ವೈರಿಂಗ್. ಸಮಿತಿಯ ಸಭೆಯಲ್ಲಿ ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಫೋಟೋದಲ್ಲಿ ಬರುವುದಿಲ್ಲವಲ್ಲ. ನೀವು ಬರೆದ ‘ಏಳು ಯಂತ್ರ ಸತ್ತಿವೆ’ ಎಂಬ ಮಾತಿನಲ್ಲಿ ನನಗೆ ಅರ್ಧ ನಂಬಿಕೆ. ಹಳೆಯ ಕಟ್ಟಡದಲ್ಲಿ ಅರ್ತಿಂಗ್ ಸರಿಯಿಲ್ಲದೆ ಪವರ್ ಸಪ್ಲೈ ಸುಟ್ಟಿರುವುದೇ ಹೆಚ್ಚು. ಎಲೆಕ್ಟ್ರಿಶಿಯನ್ ಕೈಯಲ್ಲಿ ಮಲ್ಟಿಮೀಟರ್ ಹಿಡಿಸಿ ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಎಷ್ಟು ವೋಲ್ಟ್ ತೋರಿಸುತ್ತದೆ ನೋಡಿ. ಎರಡು-ಮೂರರ ಒಳಗಿದ್ದರೆ ಚಿಂತೆಯಿಲ್ಲ. ಹತ್ತು, ಇಪ್ಪತ್ತು ತೋರಿಸಿದರೆ ಆ ರೂಮಿಗೆ ಹೊಸ ಯಂತ್ರ ತರುವುದು ದಾನಿಯ ದುಡ್ಡಿಗೆ ಬೆಂಕಿ ಇಟ್ಟಂತೆ.

ನೆಟ್‌ವರ್ಕ್ ಕೇಬಲ್ ಕೊಳ್ಳಲು ಲ್ಯಾಮಿಂಗ್ಟನ್ ರಸ್ತೆಗೆ ಹೋಗುವವರು ಜೇಬಿನಲ್ಲಿ ಒಂದು ಬ್ಲೇಡ್ ಇಟ್ಟುಕೊಂಡು ಹೋಗಿ. ಕ್ಯಾಟ್ 6 ಎಂದು ಮುದ್ರಿಸಿದ ಅಗ್ಗದ ಪೆಟ್ಟಿಗೆಗಳಲ್ಲಿ ಹಲವು ಅಲ್ಯುಮಿನಿಯಮ್ ತಂತಿಗೆ ತಾಮ್ರದ ಲೇಪ ಹಚ್ಚಿದವು. ತುದಿಯಲ್ಲಿ ಒಂದು ಎಳೆಯ ಸಿಪ್ಪೆ ಬಿಡಿಸಿ ಬ್ಲೇಡಿನಿಂದ ಕೆರೆಯಿರಿ. ಒಳಗೂ ಕೆಂಪಾಗಿದ್ದರೆ ತಾಮ್ರ, ಬೆಳ್ಳಗೆ ಹೊಳೆದರೆ ಪೆಟ್ಟಿಗೆ ವಾಪಸ್ ಕೊಡಿ. ಆ ತಂತಿ ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ, ನಮ್ಮ ಉಪ್ಪುಗಾಳಿಗೆ ಜೋಡಣೆಗಳು ಬೇಗ ಕೆಡುತ್ತವೆ, ಕೇಬಲ್ ಮೂಲಕವೇ ವಿದ್ಯುತ್ ಪಡೆಯುವ ಕ್ಯಾಮೆರಾ, ವೈಫೈ ಪೆಟ್ಟಿಗೆ ಹಚ್ಚಿದರೆ ಬಿಸಿಯೂ ಆಗುತ್ತದೆ. ಇನ್ನೊಂದು, ತಾಮ್ರದ ಕೇಬಲ್ ಒಂದು ಓಟಕ್ಕೆ 100 ಮೀಟರ್ ದಾಟಬಾರದು. ನೆಲಮಾಳಿಗೆಯ ಕಚೇರಿಯಿಂದ ಮೂರನೇ ಮಹಡಿಯ ತುದಿಯ ಲ್ಯಾಬ್‌ಗೆ ಮೆಟ್ಟಿಲು ಸುತ್ತಿ ಎಳೆದರೆ ಅದು ಲೆಕ್ಕ ತಪ್ಪಬಹುದು. ನಡುವೆ ಒಂದು ಸ್ವಿಚ್ ಇಡಿ, ಬೀಗವಿರುವ ಪೆಟ್ಟಿಗೆಯಲ್ಲಿ.

ಯಂತ್ರಗಳ ವಿಷಯಕ್ಕೆ ಬಂದರೆ, ವಿಂಡೋಸ್ 10ಕ್ಕೆ ಕಂಪನಿಯ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಮ್ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆಯ ಪ್ರೊಸೆಸರ್ ಅಥವಾ ಹೊಸದು. ಎಂಟನೇ ಪೀಳಿಗೆ ಬಂದದ್ದೇ 2017ರಲ್ಲಿ. ನಿಮ್ಮ ಯಂತ್ರಗಳು 2014ರವು ಎಂದಿದ್ದೀರಿ, ಅಲ್ಲಿಗೆ ಆ ದಾರಿ ಮುಚ್ಚಿತು. ಶಿಕ್ಷಣ ಸಂಸ್ಥೆಗಳಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಸಿಗುತ್ತದೆ: ಯಂತ್ರವೊಂದಕ್ಕೆ ಮೊದಲ ವರ್ಷ 1 ಡಾಲರ್, ಎರಡನೆಯ ವರ್ಷ 2, ಮೂರನೆಯ ವರ್ಷ 4. ಕಚೇರಿಯ ಯಂತ್ರಕ್ಕೆ ಇದನ್ನು ತೆಗೆದುಕೊಳ್ಳಿ. ಲ್ಯಾಬ್‌ನ ಯಂತ್ರಗಳಿಗೆ ಹಳೆಯ ಹಾರ್ಡ್ ಡಿಸ್ಕಿನ ಜಾಗದಲ್ಲಿ ಒಂದೊಂದು ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿಸಿ, ರ‍್ಯಾಮ್ 8 ಜಿಬಿ ಮಾಡಿಸಿ ವಿಂಡೋಸ್ ಬದಲು ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಹಾಕಿ. ಮಕ್ಕಳಿಗೆ ಕಷ್ಟವಾಗುತ್ತದೆ ಎಂದು ಯಾರಾದರೂ ಸಭೆಯಲ್ಲಿ ಎದ್ದು ನಿಂತರೆ ಕೇರಳದತ್ತ ಕೈ ತೋರಿಸಿ. ಅಲ್ಲಿಯ ಸರಕಾರಿ ಶಾಲೆಗಳು ವರ್ಷಗಟ್ಟಲೆಯಿಂದ ಮುಕ್ತ ತಂತ್ರಾಂಶದಲ್ಲೇ ಕಲಿಸುತ್ತಿವೆ, ಪರೀಕ್ಷೆಯನ್ನೂ ಅದರಲ್ಲೇ ನಡೆಸುತ್ತಿವೆ. ಕಷ್ಟವಾಗುವುದು ಮಕ್ಕಳಿಗಲ್ಲ, ನಮಗೆ.

ಇಷ್ಟರವರೆಗಿನದು ಯಾವ ಮಾಧ್ಯಮದ ಶಾಲೆಗೂ ಒಂದೇ. ನಮ್ಮದೇ ಆದ ತಾಪತ್ರಯ ಒಂದಿದೆ, ನಿಮ್ಮ ಪತ್ರದಲ್ಲಿ ಅದರ ಸುಳಿವಿಲ್ಲ. ಹತ್ತು-ಹದಿನೈದು ವರ್ಷಗಳ ಪ್ರಶ್ನೆಪತ್ರಿಕೆ, ವಾರ್ಷಿಕ ವರದಿ, ಬೋನಾಫೈಡ್ ಪತ್ರದ ನಮೂನೆ ಎಲ್ಲ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಬೆರಳಚ್ಚಾಗಿರುತ್ತವೆ. ಹೊಸ ಯಂತ್ರದಲ್ಲಿ ಆ ಕಡತ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳು ನೆತ್ತಿಯ ಮೇಲೆ ಗೆರೆ, ಚುಕ್ಕಿ, ಟೋಪಿ ಹೊತ್ತು ಸಾಲಾಗಿ ನಿಲ್ಲುತ್ತವೆ. ಕಡತ ಕೆಟ್ಟಿತು, ವೈರಸ್ ಬಂತು ಎಂದು ಅಳಿಸಿಬಿಟ್ಟವರಿದ್ದಾರೆ. ಕೆಟ್ಟಿಲ್ಲ. ಹಳೆಯ ಫಾಂಟುಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿಕೊಂಡಿದ್ದವು. ಯೂನಿಕೋಡ್ ಎಂಬ ಈಗಿನ ಪದ್ಧತಿಯಲ್ಲಿ ಕನ್ನಡಕ್ಕೆ ತನ್ನದೇ ಮನೆಯಿದೆ. ಬದಲಿಸಿಕೊಡುವ ಸೌಲಭ್ಯ ನುಡಿ, ಬರಹ ಎರಡರಲ್ಲೂ ಉಂಟು. ಆದರೆ ಬದಲಿಸಿದ ಮೇಲೆ ಒಬ್ಬ ಕನ್ನಡ ಶಿಕ್ಷಕಿ ಕೂತು ಓದಲೇಬೇಕು, ಮುಖ್ಯವಾಗಿ ಅರ್ಕಾವತ್ತು ಮತ್ತು ಒತ್ತಕ್ಷರ. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ಮೊದಲು. ಎಡವುವುದು ಅಲ್ಲೇ. ಕೀಲಿಮಣೆ ಬದಲಾಗುತ್ತದೆಂಬ ಹೆದರಿಕೆ ಬೇಡ. ಬೆರಳಿಗೆ ಒಗ್ಗಿದ ಕೆ.ಪಿ. ರಾಯರ ವಿನ್ಯಾಸ ಯೂನಿಕೋಡ್‌ಗೂ ನಡೆಯುತ್ತದೆ. (ರಾಯರು ಒಂದು ಕಾಲಕ್ಕೆ ನಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ (ಟಿಐಎಫ್‌ಆರ್) ದುಡಿದವರು, ಮುಂಬಯಿ ಕನ್ನಡಿಗರು ಇದನ್ನು ಹೇಳಿಕೊಳ್ಳುವುದೇ ಇಲ್ಲ.) ಈ ಕಡತಗಳ ಕೆಲಸಕ್ಕೆ ರಜೆ ಕಾಯಬೇಕಿಲ್ಲ, ಇವತ್ತೇ ಒಂದು ಪೆನ್‌ಡ್ರೈವ್‌ಗೆ ನಕಲು ತೆಗೆದು ಶುರುಮಾಡಬಹುದು. ಅದೇ ಹೊತ್ತಿಗೆ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿಯ ಕನ್ನಡ ಪಠ್ಯಪುಸ್ತಕಗಳ ಪಿಡಿಎಫ್‌ಗಳನ್ನೂ ಇಳಿಸಿ ಎಲ್ಲ ಯಂತ್ರಗಳಲ್ಲಿ ಇಟ್ಟುಬಿಡಿ. ಉಚಿತ ಸಿಗುತ್ತವೆ, ಇಂಟರ್‌ನೆಟ್ ಕೈಕೊಟ್ಟ ದಿನ ಪಾಠ ನಿಲ್ಲುವುದಿಲ್ಲ.

ಹಳೆಯ ಯಂತ್ರಗಳನ್ನು ಭಂಗಾರದವನಿಗೆ (ಗುಜರಿಯವನಿಗೆ) ಕೊಡಬೇಡಿ. 2023ರ ಎಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಂತೆ ಅವು ನೋಂದಾಯಿತ ಸಂಸ್ಥೆಗೇ ಹೋಗಬೇಕು. ಹಾರ್ಡ್ ಡಿಸ್ಕನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಮಕ್ಕಳ ಆಧಾರ್, ಜಾತಿ ಪ್ರಮಾಣಪತ್ರ ಎಲ್ಲ ಅದರಲ್ಲಿವೆ.

ಜೂನ್‌ನಲ್ಲಿ ಬಾಗಿಲು ತೆರೆದ ಮೊದಲ ದಿನದ ಒಂದು ಫಜೀತಿಯನ್ನೂ ಹೇಳಿಬಿಡುತ್ತೇನೆ. ಒಂದೂವರೆ ತಿಂಗಳು ಮುಚ್ಚಿಟ್ಟ ಹಳೆಯ ಕಂಪ್ಯೂಟರ್‌ಗೆ ಹೊರಗಿನ ಕರೆಂಟ್ ಇರುವುದಿಲ್ಲ. ಒಳಗಿನ ನಾಣ್ಯದಂಥ ಬ್ಯಾಟರಿ, ಸಿಆರ್ 2032 ಎನ್ನುತ್ತಾರೆ, ಸತ್ತಿದ್ದರೆ ಗಡಿಯಾರ ಹತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಯಾವ ವೆಬ್‌ಸೈಟ್ ತೆರೆದರೂ ಸುರಕ್ಷಿತವಲ್ಲ ಎಂಬ ಎಚ್ಚರಿಕೆ. ವೆಬ್‌ಸೈಟಿನ ಪ್ರಮಾಣಪತ್ರ ಆ ಯಂತ್ರದ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇಲ್ಲ. ಶಿಕ್ಷಕರು ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡಿ ಜಗಳ ಆಡುತ್ತಾರೆ. ಹದಿನೆಂಟು ಬ್ಯಾಟರಿಗೆ ಆಗುವ ಖರ್ಚು ಉದ್ಘಾಟನೆಯ ಶಾಲು-ಹಾರದ ಖರ್ಚಿಗಿಂತ ಕಡಿಮೆ. ಮಳೆಗಾಲದಲ್ಲಿ ವಾರಕ್ಕೆರಡು ಸಲವಾದರೂ ಎಲ್ಲ ಯಂತ್ರ ಒಂದು ಗಂಟೆ ಓಡಲಿ, ಇಲ್ಲದಿದ್ದರೆ ಬೂಸಲು ಹಿಡಿಯುತ್ತದೆ.

ಇದನ್ನೆಲ್ಲ ಮಾಡುವವರು ಯಾರು? ಇಲ್ಲಿಗೇ ನಿಮ್ಮ ಮೊದಲ ಪ್ರಶ್ನೆ ಬಂದು ನಿಲ್ಲುತ್ತದೆ. ಅಳಿಯನಿಗೆ ಸಂಬಳವಿದೆ. ನಿಮ್ಮಲ್ಲಿ ಗಣಿತದ ಶಿಕ್ಷಕರಿಗೆ ‘ನಿಮಗೆ ಕಂಪ್ಯೂಟರ್ ಗೊತ್ತಲ್ಲ ಸರ್’ ಎಂದು ಲ್ಯಾಬ್‌ನ ಹೊಣೆ ಕಟ್ಟಿರುತ್ತಾರೆ, ಅವರಿಗೆ ಚುನಾವಣೆ ಕೆಲಸವೂ ಇರುತ್ತದೆ. ರಾತ್ರಿಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಹಾರ್ಡ್‌ವೇರ್ ಕೆಲಸ ಕಲಿತ ಒಬ್ಬ ಹುಡುಗನನ್ನು ಹುಡುಕಿ, ವಾರಕ್ಕೆ ಮೂರು ಸಂಜೆ, ತಿಂಗಳ ಸಂಬಳದ ಮೇಲೆ ಇಟ್ಟುಕೊಳ್ಳಿ. ಸಂಜೆ ಎಂದು ಬೇಕೆಂದೇ ಹೇಳುತ್ತಿದ್ದೇನೆ. ಹಗಲಿನ ಮಕ್ಕಳ ಮನೆಯಲ್ಲಿ ಒಂದು ಮೊಬೈಲಾದರೂ ಇದೆ. ಕ್ಯಾಂಟೀನ್ ಕೆಲಸ ಮುಗಿಸಿ ಏಳು ಗಂಟೆಗೆ ಬರುವ ಹುಡುಗನಿಗೆ ಕೀಬೋರ್ಡ್ ಮುಟ್ಟಲು ಬೇರೆ ಜಾಗವೇ ಇಲ್ಲ, ಅವನು ಬರುವ ಹೊತ್ತಿಗೆ ನಿಮ್ಮ ಲ್ಯಾಬ್‌ಗೆ ಬೀಗ.

ಇನ್ನು ದಾನಿಗಳು. ಅವರು ಹೋಟೆಲು ನಡೆಸುವವರು. ಅಡುಗೆಮನೆಯ ಪೈಪು, ಚಿಮಣಿ ಸರಿಯಿಲ್ಲದೆ ಮುಂದಿನ ಹಾಲ್‌ಗೆ ಏಸಿ ಹಾಕಿಸುವವರಲ್ಲ. ಅವರನ್ನು ಒಂದು ಶನಿವಾರ ಶಾಲೆಗೆ ಕರೆದು ಕರೆಂಟಿನ ಮೇನ್ ಬೋರ್ಡ್‌ನ ಮುಚ್ಚಳ ತೆಗೆದು ತೋರಿಸಿ. ನಾಲ್ಕು ಬೋರ್ಡಿನ ದುಡ್ಡಿನಲ್ಲಿ ಈ ಸಲ ಅರ್ತಿಂಗ್, ವೈರಿಂಗ್, ಎಸ್‌ಎಸ್‌ಡಿ, ಹುಡುಗನ ಒಂದು ವರ್ಷದ ಸಂಬಳ. ಮುಂದಿನ ವರ್ಷ ಒಂದು ಬೋರ್ಡು, ಅದನ್ನು ಬಳಸುವ ಶಿಕ್ಷಕರು ಯಾರೆಂದು ಗೊತ್ತಾದ ಮೇಲೆ. ಜೂನ್ ಉದ್ಘಾಟನೆ ಬೇಕಾದರೆ ಆಗಲಿ, ಲ್ಯಾಬ್‌ನ ಬಾಗಿಲಿಗೆ ಅವರ ಹೆಸರಿನ ಫಲಕ ಹಾಕಿ. ನಮ್ಮ ಪತ್ರಿಕೆಯಲ್ಲಿ ಫೋಟೋ ಸಮೇತ ಸುದ್ದಿ ಬರುತ್ತದೆ, ಅದು ನನ್ನ ಮೇಲಿರಲಿ.

ಬೇಕಾದ ಸಾಮಾನಿನ ಪಟ್ಟಿಯನ್ನು ಎಲೆಕ್ಟ್ರಿಶಿಯನ್ ಸಹಿಯೊಂದಿಗೆ ಮಾರ್ಚ್ 20ರೊಳಗೆ ನಮಗೆ ಕಳಿಸಿ, ಎಪ್ರಿಲ್ ಸಂಚಿಕೆಗೆ ಹಿಡಿಯುತ್ತದೆ. ವಾಶಿಯಲ್ಲೂ ಠಾಣೆಯಲ್ಲೂ ನೆಟ್‌ವರ್ಕ್ ಕೆಲಸದಲ್ಲಿರುವ ಓದುಗರು ನಮಗಿದ್ದಾರೆ. ಒಂದು ಭಾನುವಾರ ಬಂದು ಕಟ್ಟಡ ನೋಡಿ ಹೇಳಲು ಅವರಲ್ಲಿ ಒಬ್ಬರಾದರೂ ಒಪ್ಪುತ್ತಾರೆಂದು ನನಗೆ ಭರವಸೆಯಿದೆ. ಬರುವವರಿಗೆ ಮೂರನೇ ಮಹಡಿಯ ಬೀಗದ ಕೈ ಸಿಗುವಂತೆ ನೋಡಿಕೊಳ್ಳಿ.

— ಸಂಪಾದಕ